ಮೊದಲ ಎಳೆ

ನಮ್ಮ ಅಲ್ಲಾಳಸಂದ್ರದಲ್ಲಿ ಒಂದು ಓದುಗರ ಕೂಟವಿದೆ. ಕೂಟ ಅಂದರೆ ದೊಡ್ಡದೇನಲ್ಲ, ಆರು ಜನ. ಅದಕ್ಕೊಂದು ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ತಿಂಗಳಿಗೊಂದು ಭಾನುವಾರ ಅಸರ್ ನಮಾಝಿನ ನಂತರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಗೊತ್ತು ಮಾಡಿದ ಪುಸ್ತಕವನ್ನು ಓದಿಕೊಂಡು ಬಂದಿರಬೇಕು, ಇಲ್ಲವೇ ಓದಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವಿರಬೇಕು. ಇಷ್ಟೇ ನಿಯಮ. ನಮ್ಮಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ಒಬ್ಬರು ಉರ್ದು ಶಾಲೆಯ ಉಸ್ತಾದರು. ಒಬ್ಬಾಕೆ ಆಸ್ಪತ್ರೆಯಲ್ಲಿ ನರ್ಸ್. ಒಬ್ಬರು ಬ್ಯಾಂಕಿನವರು. ಪಕ್ಕದ ಜಿಕೆವಿಕೆಯಲ್ಲಿ, ಅಂದರೆ ಕೃಷಿ ವಿಶ್ವವಿದ್ಯಾಲಯದಲ್ಲಿ, ಸಂಶೋಧನೆ ಮಾಡುತ್ತಿರುವ ಒಬ್ಬ ಹುಡುಗ. ಆರನೆಯವಳು ನಾನು. ಕತೆಗಾರ್ತಿ ಎಂದು ಕರೆಸಿಕೊಳ್ಳುವವಳು, ಮೂರು ವರ್ಷದಿಂದ ಒಂದೂ ಕತೆ ಬರೆಯದವಳು.

ಆ ತಿಂಗಳು ಕೂಟ ನಮ್ಮ ಮನೆಯಲ್ಲಿತ್ತು. ಪುಸ್ತಕ ಸೂಚಿಸಿದವನು ಜಿಕೆವಿಕೆ ಹುಡುಗ. "ಆಪಾ ಬರೆಯೋದು ನಿಲ್ಲಿಸಿದ್ದಾರೆ. ಇದನ್ನು ಓದಿದರೆ ಶುರು ಮಾಡಬಹುದು" ಎಂದು ಅವನ ಲೆಕ್ಕಾಚಾರ. ಅಮೆರಿಕದ ಲೇಖಕಿ ಆ್ಯನ್ ಲಾಮೊಟ್ 1994ರಲ್ಲಿ ಬರೆದ 'ಬರ್ಡ್ ಬೈ ಬರ್ಡ್' ಎಂಬ ಪುಸ್ತಕ. ಬರೆಯುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕವೇ ಆದರೂ ಪಾಠದ ಪುಸ್ತಕದಂತಿಲ್ಲ. ತನ್ನ ಅಪ್ಪ, ತನ್ನ ಮಗು, ತನ್ನ ಹಳೆಯ ಕುಡಿತ, ತನ್ನ ಹೊಟ್ಟೆಕಿಚ್ಚು ಎಲ್ಲವನ್ನೂ ಹೇಳಿಕೊಂಡು, ತನ್ನನ್ನು ತಾನೇ ಗೇಲಿ ಮಾಡಿಕೊಂಡು ಹೋಗುತ್ತಾಳೆ. ಮೂವತ್ತು ವರ್ಷ ಕಳೆದರೂ ಪುಸ್ತಕ ಅಚ್ಚಿನಲ್ಲಿದೆ. ಬರೆಯಲು ಕಲಿಸುವ ತರಗತಿಗಳಲ್ಲಿ ಅದನ್ನು ಓದಿಸುತ್ತಾರೆ.

ಹೆಸರಿನ ಹಿಂದೆ ಒಂದು ಪ್ರಸಂಗವಿದೆ. ಲಾಮೊಟ್‌ಳ ಅಣ್ಣನಿಗೆ ಆಗ ಹತ್ತು ವರ್ಷ. ಹಕ್ಕಿಗಳ ಬಗ್ಗೆ ಬರೆಯಲು ಶಾಲೆಯಲ್ಲಿ ಮೂರು ತಿಂಗಳು ಸಮಯ ಕೊಟ್ಟಿದ್ದರು. ಎಲ್ಲ ಮಕ್ಕಳಂತೆ ಅವನೂ ಕಡೆಯ ದಿನದವರೆಗೆ ಸುಮ್ಮನಿದ್ದ. ರಾತ್ರಿ ಮೇಜಿನ ಮುಂದೆ ಕಾಗದ, ಪೆನ್ಸಿಲು, ಹಕ್ಕಿಗಳ ಪುಸ್ತಕ ಎಲ್ಲ ಹರಡಿಕೊಂಡು ಇನ್ನೇನು ಅಳುವ ಹಾಗೆ ಕುಳಿತಿದ್ದ. ಅವರ ಅಪ್ಪನೂ ಲೇಖಕರೇ. ಮಗನ ಪಕ್ಕ ಕುಳಿತು ಹೆಗಲ ಮೇಲೆ ಕೈಯಿಟ್ಟು, ಒಂದೊಂದೇ ಹಕ್ಕಿ ತಗೋ ಮಗನೇ, ಒಂದೊಂದೇ ಹಕ್ಕಿ, ಎಂಬ ಅರ್ಥದ ಮಾತು ಹೇಳಿದರು. ಪುಸ್ತಕದ ಸಾರವೂ ಅಷ್ಟೆ. ಆಕೆ ತನ್ನ ಮೇಜಿನ ಮೇಲೆ ಒಂದಂಗುಲದ ಒಂದು ಚಿತ್ರದ ಚೌಕಟ್ಟನ್ನು ಇಟ್ಟುಕೊಂಡಿದ್ದಾಳಂತೆ. ಇಡೀ ಕಾದಂಬರಿಯ ಚಿಂತೆ ಬೇಡ, ಆ ಚೌಕಟ್ಟಿನೊಳಗೆ ಕಾಣುವಷ್ಟು ಬರೆದರೆ ಇವತ್ತಿಗೆ ಸಾಕು ಎಂದು ನೆನಪಿಸಲು. ಇನ್ನೊಂದು ಅಧ್ಯಾಯ ಇಡೀ ಪುಸ್ತಕಕ್ಕಿಂತ ಹೆಸರುವಾಸಿ. ಎಲ್ಲರ ಮೊದಲ ಕರಡೂ ಹೊಲಸಾಗಿಯೇ ಇರುತ್ತದೆ, ಇರಲಿ ಬಿಡಿ ಎನ್ನುವ ಅಧ್ಯಾಯ. ಆಕೆ ಬಳಸಿದ ಪದ ಇದಕ್ಕಿಂತ ಖಾರವಾದದ್ದು. ಅದನ್ನು ಇಲ್ಲಿ ಅಚ್ಚು ಮಾಡಲಾಗದು.

ಚಹಾ ಬಂದು ಮೇಜಿನ ಮೇಲೆ ಕೂರುವ ಮೊದಲೇ ಮೇಷ್ಟ್ರು ಶುರು ಮಾಡಿದರು.

"ತಾಯೀ, ಇದು ಪುಸ್ತಕವೇ? ನೂರು ಪುಟ ಓದಿದೆ. ಒಂದು ಲಕ್ಷಣವಿಲ್ಲ, ಒಂದು ಸೂತ್ರವಿಲ್ಲ. ಆಕೆಯ ಮನೆಯ ಸಮಾಚಾರವೆಲ್ಲ ನನಗೆ ಬಾಯಿಪಾಠವಾಯಿತು. ಕತೆ ಕಟ್ಟುವುದು ಹೇಗೆ ಅಂತ ಮಾತ್ರ ಗೊತ್ತಾಗಲಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ಯಾವುದು ಹೇಳಿ? ಕವಿರಾಜಮಾರ್ಗ. ಒಂಬತ್ತನೆಯ ಶತಮಾನ. ಅದು ಕಾವ್ಯವಲ್ಲ, ಕಾವ್ಯ ಬರೆಯುವುದು ಹೇಗೆಂದು ಹೇಳುವ ಗ್ರಂಥ. ದೋಷ ಯಾವುದು, ಗುಣ ಯಾವುದು, ಅಲಂಕಾರ ಯಾವುದು, ಎಲ್ಲ ಒಂದು ಕ್ರಮದಲ್ಲಿದೆ. ನೃಪತುಂಗನ ಆಸ್ಥಾನದ ಶ್ರೀವಿಜಯ ತನ್ನ ಹೊಟ್ಟೆಕಿಚ್ಚಿನ ಬಗ್ಗೆ ಒಂದು ಪರಿಚ್ಛೇದ ಬರೆದನೇ?"

ಎಲ್ಲರೂ ನಕ್ಕೆವು. ಮೇಷ್ಟ್ರು ನಗಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಪ್ರಬಂಧ ತಿದ್ದಿದವರು ಅವರು. ಹೊಲಸು ಕರಡುಗಳ ಬಗ್ಗೆ ಅವರಿಗಿರುವಷ್ಟು ಅನುಭವ ಯಾವ ಅಮೆರಿಕದವರಿಗೂ ಇರಲಾರದು.

ಉಸ್ತಾದರ ತಕರಾರು ಬೇರೆ. "ಹಾಸ್ಯ ಇರಲಿ, ಆದರೆ ಅದಕ್ಕೆ ಅದಬ್ ಬೇಡವೇ? ಒಂದು ಸಾಲಿನಲ್ಲಿ ದುಆ ಮಾಡ್ತಾಳೆ, ಮುಂದಿನ ಸಾಲಿನಲ್ಲಿ ಬೈಗುಳ. ನಮ್ಮ ಮಂಟೋ ಇಲ್ಲವೇ? ತಾನು ಕತೆ ಹೇಗೆ ಬರೆಯುತ್ತೇನೆ ಅಂತ ಒಂದು ಪುಟ್ಟ ಲೇಖನ ಬರೆದಿದ್ದಾರೆ. ಕತೆ ತಲೆಯಲ್ಲಿರೋದಿಲ್ಲ, ಜೇಬಿನಲ್ಲಿರುತ್ತೆ, ಯಾಕಂದ್ರೆ ಅದಕ್ಕೆ ಮುಂಗಡ ಹಣ ಆಗಲೇ ತಗೊಂಡಾಗಿದೆ ಅಂತಾರೆ. ಮಕ್ಕಳ ಗಲಾಟೆ ನಡುವೆಯೇ ಬರೀತಾರೆ. ನಾಲ್ಕು ಪುಟದಲ್ಲಿ ಮುಗಿಯಿತು. ಈಕೆಗೆ ಅಷ್ಟು ಹೇಳಲು ಇನ್ನೂರು ಪುಟ ಬೇಕಾಯಿತು." ಮಂಟೋ ಅದಬಿಗೆ ಉದಾಹರಣೆಯಾದದ್ದು ಅದೇ ಮೊದಲಿರಬೇಕು. ಆದರೆ ಉಸ್ತಾದರ ಮುಂದೆ ಅದನ್ನು ಹೇಳುವವರು ಯಾರು?

ನಿಜ ಜೀವನದ ಗಂಡಸೊಬ್ಬನನ್ನು ಕತೆಗೆ ತಂದರೆ ಅವನು ಕೋರ್ಟು ಮೆಟ್ಟಿಲು ಹತ್ತದಂತೆ ಮಾಡಲು ಲಾಮೊಟ್ ಒಂದು ಉಪಾಯ ಹೇಳುತ್ತಾಳೆ. ಉಸ್ತಾದರು ಪುಸ್ತಕ ಮುಚ್ಚಿದ್ದು ಆ ಪುಟದಲ್ಲಿ. ಅದೇ ಪುಟಕ್ಕೆ ನರ್ಸ್ ಸಿಸ್ಟರ್ ರಾತ್ರಿ ಪಾಳಿಯಲ್ಲಿ ಜೋರಾಗಿ ನಕ್ಕು ರೋಗಿಗಳನ್ನು ಎಬ್ಬಿಸಿದರಂತೆ. ಆ ಉಪಾಯವನ್ನು ನಾನಿಲ್ಲಿ ವಿವರಿಸಿದರೆ ಸಂಪಾದಕರು ನನ್ನ ಮುಂದಿನ ಲೇಖನ ಹಾಕಲಾರರು.

ಸಿಸ್ಟರ್ ಮಾತ್ರ ಪುಸ್ತಕದ ಪರ. "ನಾನು ಹತ್ತನೇ ಕ್ಲಾಸಿನ ನಂತರ ಡ್ಯೂಟಿ ರಿಪೋರ್ಟ್ ಬಿಟ್ಟು ಏನೂ ಬರೆದವಳಲ್ಲ. ಇದನ್ನು ಓದಿದ ಮೇಲೆ ಎರಡು ಪುಟ ಬರೆದೆ. ಕೆಟ್ಟದಾಗಿದೆ. ಆದರೂ ಬರೆದೆ" ಎಂದರು. ಬ್ಯಾಂಕಿನವರು ಇದು ಬರೆಯುವವರಿಗಿಂತ ಬದುಕುವವರಿಗೆ ಬೇಕಾದ ಪುಸ್ತಕ ಎಂದರು. ಪ್ರಕಟವಾದರೆ ಜೀವನ ಸರಿಹೋಗುತ್ತದೆ ಎಂದು ನಂಬಬೇಡಿ ಎಂಬ ಮಾತು ಅವರಿಗೆ ಬಡ್ತಿಗೂ ಹೊಂದುತ್ತದೆ ಅನ್ನಿಸಿತಂತೆ. ಪುಸ್ತಕ ತಂದ ಹುಡುಗನೇ ಕಡೆಗೆ ಕೈಕೊಟ್ಟ. "ಅರ್ಧದವರೆಗೆ ಚೆನ್ನಾಗಿತ್ತು ಆಪಾ. ಆಮೇಲೆ ಪ್ರತಿ ಪುಟದಲ್ಲೂ ಆಕೆಯ ಭಯ, ಆಕೆಯ ಆತಂಕ. ಸಾಕಪ್ಪಾ ಅನ್ನಿಸಿಬಿಡ್ತು."

"ನೀವು ಹೇಳಿ" ಎಂದರು ಮೇಷ್ಟ್ರು ನನ್ನ ಕಡೆ ತಿರುಗಿ.

ನನಗೆ ಪುಸ್ತಕದ ಮೇಲೆ ಕೋಪವಿತ್ತು. ಯಾಕೆಂದು ಆಗ ಸರಿಯಾಗಿ ಹೇಳಲಾಗಲಿಲ್ಲ. "ಕೆಟ್ಟದಾಗಿ ಬರೆಯುವ ಹಕ್ಕು ಆಕೆಗಿದೆ, ನಮಗಿಲ್ಲ" ಎಂದುಬಿಟ್ಟೆ. ಕೋಣೆ ಸುಮ್ಮನಾಯಿತು.

ವಿಷಯ ಇಷ್ಟು. ಮೂರು ವರ್ಷದ ಹಿಂದೆ ನನ್ನದೊಂದು ಕತೆ ಅಚ್ಚಾಯಿತು. ಒಂದು ಮದುವೆ ಮುರಿದ ಕತೆ. ಅದೇ ವಾರ ಎರಡು ಪತ್ರ ಬಂದವು. ಒಂದು ನಮ್ಮ ಸಂಬಂಧಿಕರದ್ದು. ಮನೆಯ ಮಾನ ಬೀದಿಗೆ ತಂದೆ, ಹೆಣ್ಣುಮಗಳಾಗಿ ನಾಚಿಕೆಯಾಗಲಿಲ್ಲವೇ ಎಂದು. ಇನ್ನೊಂದು ಪರಿಚಯವಿಲ್ಲದ ಓದುಗರದ್ದು. ನಿಮ್ಮವರೆಲ್ಲ ಹೀಗೇ ಎಂದು ನಮಗೆ ಗೊತ್ತಿತ್ತು, ಧೈರ್ಯವಾಗಿ ಬಯಲು ಮಾಡಿದ್ದೀರಿ, ಅಭಿನಂದನೆ ಎಂದು. ಮೊದಲ ಪತ್ರಕ್ಕಿಂತ ಆ ಅಭಿನಂದನೆಯೇ ನನ್ನನ್ನು ಹೆಚ್ಚು ಚುಚ್ಚಿತು. ನಾನು ಬರೆದದ್ದು ಒಬ್ಬ ಗಂಡ, ಒಬ್ಬ ಹೆಂಡತಿಯ ಕತೆ. ಓದಿದ ಇಬ್ಬರೂ ಅದರಲ್ಲಿ ಒಂದು ಸಮುದಾಯವನ್ನೇ ಕಂಡಿದ್ದರು.

ನಮಗಿಂತ ಮೊದಲು ಬರೆದವರು ಇದಕ್ಕಿಂತ ದೊಡ್ಡ ಬೆಲೆ ತೆತ್ತಿದ್ದಾರೆ. ಸಾರಾ ಅಬೂಬಕ್ಕರ್ ಅವರು ಲಂಕೇಶ್ ಪತ್ರಿಕೆಗೆ ಮೊದಲ ಲೇಖನ ಬರೆದದ್ದು 1981ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ. ಆಮೇಲೆ 'ಚಂದ್ರಗಿರಿಯ ತೀರದಲ್ಲಿ' ಬರೆದು ಕೇಳಬಾರದ ಮಾತೆಲ್ಲ ಕೇಳಿದರು. 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ತಲೆ ತಗ್ಗಿಸಲಿಲ್ಲ. ಹೆಂಗಸರಿಗೂ ಮಸೀದಿಗೆ ಪ್ರವೇಶ ಬೇಕು ಎಂದದ್ದಕ್ಕೆ ಬಾನು ಮುಷ್ತಾಕ್ ಅವರು 2000ನೇ ಇಸವಿಯಲ್ಲಿ ಬಹಿಷ್ಕಾರ ಅನುಭವಿಸಿದರು. 2025ರಲ್ಲಿ ಅದೇ ಲೇಖಕಿಯ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರ ಮುಂದೆ ನನ್ನ ಎರಡು ಪತ್ರ ಯಾವ ಲೆಕ್ಕ? ಆದರೆ ಧೈರ್ಯ ಸಾಲ ಸಿಗುವ ವಸ್ತುವಲ್ಲ.

ಲಾಮೊಟ್ ಒಂದು ಕಡೆ ಹೇಳುತ್ತಾಳೆ, ಬರೆಯಲು ಕುಳಿತರೆ ತಲೆಯೊಳಗೆ ಒಂದು ರೇಡಿಯೋ ಶುರುವಾಗುತ್ತದೆ ಎಂದು. ಒಂದು ಕಿವಿಯಲ್ಲಿ ಹೊಗಳಿಕೆ, ಇನ್ನೊಂದು ಕಿವಿಯಲ್ಲಿ ಬೈಗುಳ. ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದು ಎರಡು ಹೆಗಲ ಮೇಲೆ ಕುಳಿತು ಒಳಿತು ಕೆಡುಕು ಬರೆದುಕೊಳ್ಳುವ ಇಬ್ಬರು ಫರಿಶ್ತೆಗಳ ಬಗ್ಗೆ. ಅವರ ಬಗ್ಗೆ ನನಗೆ ದೂರಿಲ್ಲ. ಅವರು ಇದ್ದದ್ದನ್ನು ಇದ್ದಂತೆ ಬರೆಯುತ್ತಾರೆ. ಆದರೆ ಈ ಮೂರು ವರ್ಷ ನನ್ನ ಹೆಗಲ ಮೇಲೆ ಕುಳಿತದ್ದು ಆ ಎರಡು ಪತ್ರಗಳು. ಒಂದು ಸಾಲು ಬರೆದರೆ ಬಲಗಡೆಯವರು ಏನನ್ನುತ್ತಾರೆ, ಅದನ್ನು ಹೊಡೆದುಹಾಕಿದರೆ ಎಡಗಡೆಯವರು ಏನನ್ನುತ್ತಾರೆ. ಇದನ್ನೆಲ್ಲ ಕೂಟದಲ್ಲಿ ಹೇಳಿದೆ. ಸಿಸ್ಟರ್ ಮೆಲ್ಲಗೆ ಕೇಳಿದರು. "ಅದು ಅಚ್ಚಾದ ಮೇಲಿನ ಮಾತಲ್ವಾ ಆಪಾ? ಮೊದಲನೇ ಕರಡನ್ನ ಓದೋರು ಯಾರು? ನೀವೊಬ್ಬರೇ ತಾನೆ?"

ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ತಣ್ಣಗಾಗಿತ್ತು. ಕೂಟ ಮುಗಿಯಿತು.

ಎಲ್ಲರೂ ಹೋದ ಮೇಲೆ ಒಳಗಿನ ಕೋಣೆಯಿಂದ ಅಮ್ಮಿ ಬಂದರು. ಅಬ್ಬಾ ತೀರಿಕೊಂಡ ಮೇಲೆ ಅವರು ಶಿಡ್ಲಘಟ್ಟ ಬಿಟ್ಟು ನನ್ನ ಜೊತೆಗೇ ಇದ್ದಾರೆ. ಮನೆಯಿಂದ ಹೊರಗೆ ಬಂದು ಬಳ್ಳಾರಿ ರಸ್ತೆಯ ಪಕ್ಕ ನಿಂತರೆ ಶಿಡ್ಲಘಟ್ಟದ ಬಸ್ಸು ಕಾಣುತ್ತದೆ ಎಂಬುದೇ ಅವರಿಗೆ ಈ ಊರಿನ ದೊಡ್ಡ ಸಮಾಧಾನ. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನು ಏಳನೆಯ ತರಗತಿವರೆಗೆ ಉರ್ದು ಶಾಲೆಯಲ್ಲಿ ಕಲಿತು, ಆಮೇಲೆ ಕನ್ನಡ ಶಾಲೆಗೆ ಹೋದವಳು. ಬರೆಯುವುದು ಕನ್ನಡದಲ್ಲಿ. ಹಾಗಾಗಿ ನನ್ನ ಒಂದು ಕತೆಯನ್ನೂ ನನ್ನ ತಾಯಿ ಓದಿಲ್ಲ. ಓದಿ ಹೇಳಿದಾಗ ಕೇಳಿದ್ದಾರೆ, ಅಷ್ಟೇ.

"ಏನು ಅಷ್ಟು ಗಲಾಟೆ?" ಎಂದು ಕೇಳಿದರು. ಪುಸ್ತಕದ ವಿಷಯ ಹೇಳಿದೆ. ಎಲ್ಲರ ಮೊದಲ ಬರಹವೂ ಕೆಟ್ಟದಾಗಿರುತ್ತದೆ ಎಂದು ಒಬ್ಬ ಅಮೆರಿಕದ ಹೆಂಗಸು ಪುಸ್ತಕ ಬರೆದಿದ್ದಾಳೆ ಎಂದೆ. ಅಮ್ಮಿಗೆ ಆಶ್ಚರ್ಯವಾಯಿತು. ಇದಕ್ಕೂ ಪುಸ್ತಕ ಬೇಕೇ ಎಂಬ ಆಶ್ಚರ್ಯ.

"ಪೈಲಾ ತಾಗಾ ಕಬ್ ಸೀದಾ ಆಯಾ ಬೇಟಾ?" ಎಂದರು. ಮೊದಲ ಎಳೆ ಯಾವತ್ತು ನೇರವಾಗಿ ಬಂದಿದೆ?

ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ರೇಷ್ಮೆ ಗೂಡಿನಲ್ಲಿ ಇರುವುದು ನೂರಾರು ಮೀಟರ್ ಉದ್ದದ ಒಂದೇ ಎಳೆ. ಆದರೆ ಗೂಡಿನ ಹೊರಮೈಯಲ್ಲಿ ಅದರ ತುದಿ ಎಲ್ಲಿದೆ ಎಂದು ಕಾಣುವುದಿಲ್ಲ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಮೇಲಿನ ಅಂಟು ಸಡಿಲಿಸಬೇಕು. ಆಗ ಮೊದಲು ಕೈಗೆ ಬರುವುದು ಸಿಕ್ಕುಸಿಕ್ಕಾದ ನಾರು. ಅದನ್ನು ಎಳೆದೆಳೆದು ತೆಗೆದು ಪಕ್ಕಕ್ಕೆ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ಸಾಫಾದ ಎಳೆ ಬರುತ್ತದೆ. ಆಮೇಲೆ ಹಲವು ಗೂಡುಗಳ ಎಳೆ ಸೇರಿಸಿ ನೂಲು ಬಿಚ್ಚಬೇಕು. ಪಕ್ಕಕ್ಕೆ ಹಾಕಿದ ನಾರೂ ದಂಡವಲ್ಲ. ಅದನ್ನು ಬೇರೆಯಾಗಿ ಮಾರುತ್ತಾರೆ, ಅದರಿಂದಲೂ ನೂಲು ಮಾಡುತ್ತಾರೆ. ಅಬ್ಬಾ ನಲವತ್ತು ವರ್ಷ ಮಾಡಿದ್ದು ಇದೇ ಕೆಲಸ. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಆಮೇಲೆ ಇಡೀ ದಿನ ಬಿಸಿನೀರಿನ ಹಬೆ. ಅವರ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತಿದ್ದವು.

ಆ ರಾತ್ರಿ ನಾನು ಬರೆಯಲು ಕುಳಿತೆ. ಅಬ್ಬಾ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಲಾಮೊಟ್ ತನ್ನ ಮೊದಲ ಕಾದಂಬರಿ ಬರೆದದ್ದು ಮಿದುಳಿನ ಗೆಡ್ಡೆಯಿಂದ ಸಾವಿನ ಹತ್ತಿರವಿದ್ದ ತನ್ನ ಅಪ್ಪನಿಗೆ ಉಡುಗೊರೆಯಾಗಿ. ಪ್ರೀತಿಸುವವರಿಗೆ ಕೊಡಲೆಂದು ಬರೆಯಿರಿ ಎನ್ನುತ್ತಾಳೆ. ನಾನೂ ಹಾಗೇ ಅಂದುಕೊಂಡೆ. ಪೂರ್ತಿ ಅಬ್ಬಾ ಬೇಡ, ಒಂದಂಗುಲದಷ್ಟು ಸಾಕು, ಬರೀ ಅವರ ಕೈ. ಎರಡು ಗಂಟೆಯಲ್ಲಿ ನಾಲ್ಕು ಪುಟ ಆಯಿತು. ಮೂರು ವರ್ಷದ ಮೇಲೆ ನಾಲ್ಕು ಪುಟ! ಬೆಳಿಗ್ಗೆ ಫಜ್ರ್ ಮುಗಿಸಿ ಅಮ್ಮಿಯನ್ನು ಕೂರಿಸಿಕೊಂಡು ಒಂದೊಂದೇ ಸಾಲನ್ನು ನಮ್ಮ ದಖನಿಯಲ್ಲಿ ಹೇಳಿದೆ. ಬಿಸಿನೀರಿನಲ್ಲಿ ಕೈ ಅದ್ದುವ ಅಬ್ಬಾ, ಸುಟ್ಟ ಬೆರಳಿನಲ್ಲೇ ನನಗೆ ತುತ್ತು ಕೊಡುವ ಅಬ್ಬಾ, ಎಂದೂ ಯಾರಿಗೂ ನೋವು ಮಾಡದ ಅಬ್ಬಾ.

ಅಮ್ಮಿ ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದರು.

"ಆ ಹುಡುಗನ ಕೈ ಎಲ್ಲಿ?"

ನನಗೆ ಗೊತ್ತಿತ್ತು. ಯಾವ ಹುಡುಗ ಎಂದು ಕೇಳಬೇಕಾಗಿರಲಿಲ್ಲ.

ನಮ್ಮ ಮೊಹಲ್ಲಾದವನೇ. ಅವನ ತಾಯಿ ಅಬ್ಬಾ ಹತ್ತಿರ ಐನೂರು ರೂಪಾಯಿ ಮುಂಗಡ ತೆಗೆದುಕೊಂಡಿದ್ದಳು. ಅದು ತೀರುವವರೆಗೆ ಮಗ ಕೆಲಸಕ್ಕೆ. ಆ ಮುಂಗಡ ತೀರಿದ್ದು ನನಗೆ ನೆನಪಿಲ್ಲ. ಬೆಂದ ಗೂಡಿನಿಂದ ಎಳೆ ಹುಡುಕುವ ಕೆಲಸ ಅವನದು. ಅವನ ಬೆರಳು ಸಣ್ಣದು, ಚುರುಕು ಎಂದು ಅಬ್ಬಾ ಎಲ್ಲರ ಮುಂದೆ ಹೊಗಳುತ್ತಿದ್ದರು. ಅವನಿಗೂ ಹತ್ತು ವರ್ಷ, ನನಗೂ ಹತ್ತು ವರ್ಷ. ಸಂಜೆ ನಾನು ಶಾಲೆಯಿಂದ ಬಂದರೆ ನನ್ನ ಉರ್ದು ಪುಸ್ತಕ ತೆರೆದು ತೋರಿಸು ಎನ್ನುತ್ತಿದ್ದ. ಒಂದು ಸಲ ಪೆನ್ಸಿಲು ಕೊಟ್ಟು ಅಲಿಫ್ ಬರಿ ಎಂದೆ. ಅಲಿಫ್ ಅಂದರೆ ಒಂದು ನೇರ ಗೆರೆ, ಅಷ್ಟೇ. ಬೆರಳ ತುದಿಯ ಚರ್ಮ ಕಿತ್ತುಹೋಗಿತ್ತು. ಪೆನ್ಸಿಲು ಹಿಡಿಯಲು ಆಗಲಿಲ್ಲ. ಅವನು ನಕ್ಕ. ನಾನೂ ನಕ್ಕೆ.

ಮಕ್ಕಳ ದುಡಿಮೆಯನ್ನು ನಿಯಂತ್ರಿಸುವ ಕಾನೂನು ಬಂದದ್ದು 1986ರಲ್ಲಿ. ಇದು ನಡೆದದ್ದು ಅದರ ನಂತರ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕವೂ ಇತ್ತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಾನು ಪುಟ ಮಗುಚಿ ಬೇರೆ ಸುದ್ದಿ ಓದಿದ್ದು ಚೆನ್ನಾಗಿ ನೆನಪಿದೆ.

"ರಾತ್ರಿ ನಾನು ಅವನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ" ಎಂದರು ಅಮ್ಮಿ. "ನಿನ್ನ ಅಬ್ಬಾ ಕೆಟ್ಟವರಲ್ಲ. ಆದರೆ ನೀನು ಬರೆದಷ್ಟು ಒಳ್ಳೆಯವರೂ ಅಲ್ಲ. ನಾನೂ ಅಲ್ಲ. ಎಣ್ಣೆ ಹಚ್ಚಿದೆ, ನಾಳೆಯಿಂದ ಬರಬೇಡ ಅನ್ನಲಿಲ್ಲ."

ಎರಡು ಪತ್ರಗಳ ಭಯ ಸುಳ್ಳಾಗಿರಲಿಲ್ಲ. ಇದನ್ನು ಬರೆದರೆ ಬಲಗಡೆಯವರು ಸತ್ತ ತಂದೆಯ ಮಾನ ತೆಗೆದೆ ಎನ್ನುತ್ತಾರೆ, ಎಡಗಡೆಯವರು ನೋಡಿ ಇವರು ಹೀಗೆ ಎನ್ನುತ್ತಾರೆ. ಎರಡೂ ಆಗುತ್ತದೆ. ಆದರೆ ಆ ಭಯದ ಹಿಂದೆ ನಾನು ಇನ್ನೊಂದನ್ನು ಬಚ್ಚಿಟ್ಟಿದ್ದೆ. ಹೊರಗಿನವರು ಬರೆಯಲು ಬಿಡುತ್ತಿಲ್ಲ ಎಂದು ಮೂರು ವರ್ಷ ಹೇಳಿಕೊಂಡವಳು, ಬರೆಯಬೇಕಾದದ್ದು ಸ್ವಂತ ಮನೆಯ ಹಬೆಯೊಳಗೆ ಇದೆ ಎಂಬುದನ್ನು ಒಪ್ಪಿಕೊಂಡಿರಲಿಲ್ಲ.

"ಬರೆಯಲೇ ಅಮ್ಮಿ?" ಎಂದು ಕೇಳಿದೆ.

"ಅವರು ಇದ್ದಿದ್ದರೆ ಕೋಪಿಸಿಕೊಳ್ಳುತ್ತಿದ್ದರು" ಎಂದರು. ಸ್ವಲ್ಪ ತಡೆದು, "ಬರಿ. ಅಲ್ಲಾಹನ ಮುಂದೆ ಹೇಗೂ ಹೇಳಲೇಬೇಕಲ್ಲ."

ಮುಂದಿನ ತಿಂಗಳ ಕೂಟ ಮನೆಯಲ್ಲಿ ನಡೆಯಲಿಲ್ಲ. ಅಲ್ಲಾಳಸಂದ್ರ ಕೆರೆಯ ಏರಿಯ ಮೇಲೆ ಕುಳಿತೆವು. ಸಂದ್ರ ಅಂದರೆ ಸಮುದ್ರ, ಅಂದರೆ ಕೆರೆ ಎಂದು ಮೇಷ್ಟ್ರು ಪ್ರತಿ ಸಲದಂತೆ ಹೇಳಿದರು. ಜಿಕೆವಿಕೆ ಹುಡುಗ ನೀರಿನಲ್ಲಿದ್ದ ಹಕ್ಕಿಗಳನ್ನು ತೋರಿಸುತ್ತಾ ಇದು ನಾಮದ ಕೋಳಿ, ಇದು ಗುಳುಮುಳುಕ, ಅದು ನೀರುಕಾಗೆ ಎಂದ. "ಒಂದೊಂದೇ ತೋರಿಸಪ್ಪಾ" ಎಂದು ಬ್ಯಾಂಕಿನವರು ತಮಾಷೆ ಮಾಡಿದರು. ಪುಸ್ತಕದ ಬಗ್ಗೆ ಯಾರ ಅಭಿಪ್ರಾಯವೂ ಬದಲಾಗಿರಲಿಲ್ಲ. ಬದಲಾಗಬೇಕಾಗಿಯೂ ಇರಲಿಲ್ಲ. ಮೇಷ್ಟ್ರಿಗೆ ಬೇಕಾದದ್ದು ತಿದ್ದುವ ಪುಸ್ತಕ, ಸಿಸ್ಟರಿಗೆ ಬೇಕಾದದ್ದು ಶುರು ಮಾಡಿಸುವ ಪುಸ್ತಕ. ಉಸ್ತಾದರಿಗೆ ನಾಲಿಗೆಯ ಮರ್ಯಾದೆ ಮುಖ್ಯ, ಹುಡುಗನಿಗೆ ಸಮಯ ಮುಖ್ಯ. ಒಬ್ಬೊಬ್ಬರೂ ತಮಗೆ ಎಲ್ಲಿ ತೊಡಕಿದೆಯೋ ಅಲ್ಲಿಂದ ಪುಸ್ತಕವನ್ನು ಅಳೆದಿದ್ದರು. ನಾನೂ ಅಷ್ಟೇ ಮಾಡಿದ್ದೆ.

ಈ ಸಲ ನನ್ನನ್ನು ಕೇಳಿದಾಗ ಸರಿಯಾಗಿ ಹೇಳಿದೆ. ಆ ಪುಸ್ತಕ ನನಗೆ ಬರೆಯುವುದನ್ನು ಕಲಿಸಲಿಲ್ಲ. ಮೇಷ್ಟ್ರು ಹೇಳಿದ್ದು ನಿಜ, ಅದರಲ್ಲಿ ಲಕ್ಷಣವಿಲ್ಲ. ಆದರೆ ಅದು ನನ್ನನ್ನು ನಗಿಸಿ, ಎರಡು ಗಂಟೆ ಕುರ್ಚಿಯಲ್ಲಿ ಕೂರಿಸಿತು. ಕೂತದ್ದರಿಂದ ಒಂದು ಸುಳ್ಳು ಕರಡು ಹುಟ್ಟಿತು. ಸುಳ್ಳು ಕಾಗದದ ಮೇಲೆ ಬಂದದ್ದರಿಂದ ಅದನ್ನು ಸುಳ್ಳು ಎಂದು ಹೇಳಲು ಒಬ್ಬರಿಗೆ ಅವಕಾಶವಾಯಿತು. ತಲೆಯೊಳಗೇ ಇದ್ದಿದ್ದರೆ ಅಮ್ಮಿ ಹೇಗೆ ತಿದ್ದುತ್ತಿದ್ದರು?

ಮೇಷ್ಟ್ರು ಸ್ವಲ್ಪ ಹೊತ್ತು ಕೆರೆಯನ್ನೇ ನೋಡಿದರು. "ಕವಿರಾಜಮಾರ್ಗದಲ್ಲೇ ಇದೆಯಲ್ಲ ತಾಯೀ, ಓದು ಕಲಿಯದಿದ್ದರೂ ಕಾವ್ಯದ ಮರ್ಮ ಬಲ್ಲವರು ಈ ನಾಡಿನ ಜನ ಅಂತ. ನಿಮ್ಮ ತಾಯಿಯವರನ್ನು ಕೂಟಕ್ಕೆ ಕರೆತನ್ನಿ" ಎಂದರು. ಆಮೇಲೆ ಕರಡು ಓದಲು ಕೊಡಿ, ತಿದ್ದಿ ಕೊಡುತ್ತೇನೆ ಎಂದರು. ಈಗಲೇ ಬೇಡ ಎಂದೆ.

ಈಗ ಮೂರನೆಯ ಕರಡು ನಡೆಯುತ್ತಿದೆ. ಹನ್ನೊಂದು ಪುಟ ಆಗಿದೆ. ಅಬ್ಬಾಗೆ ಉಡುಗೊರೆಯಾಗಿ ಶುರುವಾದದ್ದು ಈಗ ಯಾರಿಗೆ ಎಂದು ನನಗೇ ಗೊತ್ತಾಗಿದೆ. ಆ ಹುಡುಗ ಎಲ್ಲಿದ್ದಾನೋ ತಿಳಿಯದು. ಇದ್ದರೆ ನನ್ನಷ್ಟೇ ವಯಸ್ಸು, ನನ್ನಂತೆಯೇ ಕನ್ನಡಕ ಬಂದಿರಬಹುದು. ನಾನು ಬರೆದದ್ದನ್ನು ಅವನು ಓದಲಾರ ಎಂಬುದು ನನಗೆ ಗೊತ್ತು. ಯಾಕೆ ಓದಲಾರ ಎಂಬುದೂ ಗೊತ್ತು.